ಚೆಂಡು ಹಿಡಿದ ಕೈಗಳು

ಕ್ರಿಕೆಟ್ ಆಟಗಾರರ ಹಳೆಯ ಚಿತ್ರಗಳನ್ನು ಕೂಡಿಡುವ ಹವ್ಯಾಸದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಚಿತ್ರ ಅಂದರೆ ಎಲ್ಲರವೂ ಅಲ್ಲ, ಬೌಲರುಗಳವು. ಬ್ಯಾಟು ಎತ್ತಿ ನಿಂತವರ ಚಿತ್ರಕ್ಕೆ ನಮ್ಮಲ್ಲಿ ಎಂದೂ ಬರ ಬಂದಿಲ್ಲ. ಕಟಿಂಗ್ ಅಂಗಡಿಯ ಗೋಡೆಯ ಮೇಲೆ ಮೊದಲು ಗಾವಸ್ಕರ್ ಇದ್ದರು, ಆಮೇಲೆ ಸಚಿನ್ ಬಂದರು, ಈಗ ಕೊಹ್ಲಿ ಇದ್ದಾರೆ. ಪಾನ್ ಅಂಗಡಿಯ ಕನ್ನಡಿಯ ಪಕ್ಕ, ನೋಟ್‌ಬುಕ್ಕಿನ ರಟ್ಟಿನ ಮೇಲೆ, ಟ್ರ್ಯಾಕ್ಟರಿನ ಬೆನ್ನಿಗೆ ಅವರೇ. ಚೆಂಡು ಹಿಡಿದವರನ್ನು ಮಾತ್ರ ಹುಡುಕಿಕೊಂಡು ಹೋಗಬೇಕು. ಹಾಗೆ ಹುಡುಕುತ್ತ ಹೋದವನಿಗೆ ಆಟ ಬೇರೆಯೇ ಆಗಿ ಕಾಣುತ್ತದೆ. ಬ್ಯಾಟ್ಸ್‌ಮನ್ ಚಿತ್ರದಲ್ಲಿ ಆತನ ಠೀವಿ ಇರುತ್ತದೆ, ಬೌಲರನ ಚಿತ್ರದಲ್ಲಿ ಆತನ ದುಡಿಮೆ ಇರುತ್ತದೆ. ಆ ದುಡಿಮೆಯನ್ನು ಓದಲು ಕಲಿತರೆ ಒಂದೇ ಒಂದು ಚಿತ್ರದ ಮುಂದೆ ಅರ್ಧ ತಾಸು ಕೂರಬಹುದು.

ನಮ್ಮೂರು ಗೊಳಸಂಗಿ. ವಿಜಯಪುರದಿಂದ ಹೊಸಪೇಟೆಯ ಕಡೆ ಹೆದ್ದಾರಿಯಲ್ಲಿ ಹೋದವರು ಕಂಡಿರುತ್ತೀರಿ. ಈಗ ಹತ್ತಿರದಲ್ಲೇ ಕೂಡಗಿಯ ವಿದ್ಯುತ್ ಸ್ಥಾವರದ ಚಿಮಣಿಗಳು ಎದ್ದು ನಿಂತಿವೆ. ನಾವು ಹುಡುಗರಾಗಿದ್ದಾಗ ಆ ಸೀಮೆಯಲ್ಲಿ ಬಿಳಿಜೋಳದ ತೆನೆಗಿಂತ ಎತ್ತರದ್ದು ಕಣ್ಣಿಗೆ ಬೀಳುತ್ತಿದ್ದುದು ಅಪರೂಪ. ಸುಗ್ಗಿ ಮುಗಿದ ಹೊಲವೇ ನಮ್ಮ ಮೈದಾನ. ಎರಿ ಮಣ್ಣು ಬಿಸಿಲಿಗೆ ಬಿರಿದು ಬೆರಳು ಇಳಿಯುವಷ್ಟು ಸೀಳು ಬಿಟ್ಟಿರುತ್ತಿತ್ತು. ಅಂಥ ನೆಲದ ಮೇಲೆ ರಬ್ಬರ್ ಚೆಂಡನ್ನು ಮೆಲ್ಲಗೆ ತಿರುವಿ ಬಿಟ್ಟರೂ ಸಾಕು, ಬಿರುಕಿನ ಅಂಚಿಗೆ ಬಡಿದು ಎತ್ತಲೋ ಹೊರಳುತ್ತಿತ್ತು. ಜೋರಾಗಿ ಓಡಿ ಬಂದು ಎಸೆಯುವವನಿಗಿಂತ ನಿಂತು ತಿರುಗಿಸುವವನಿಗೇ ನಮ್ಮ ಹೊಲದಲ್ಲಿ ಮರ್ಯಾದೆ. ನನಗೆ ಬೌಲರುಗಳ ಮೇಲೆ, ಅದರಲ್ಲೂ ಸ್ಪಿನ್ನರುಗಳ ಮೇಲೆ ಮನಸ್ಸು ಕೂತದ್ದು ಹೀಗೆ.

ಆದರೆ ಅವರನ್ನು ನೋಡುವುದು ಎಲ್ಲಿಂದ? ಊರಿಗೆ ಟಿವಿ ಇರಲಿಲ್ಲ. ಇದ್ದದ್ದು ರೇಡಿಯೊ. ಕ್ರಿಕೆಟ್ಟು ನಮಗೆ ಮೊದಲು ಕಿವಿಯಿಂದ ಬಂತು. ಇಂಗ್ಲಿಷ್ ವೀಕ್ಷಕ ವಿವರಣೆ ಪೂರಾ ತಿಳಿಯುತ್ತಿದ್ದವರು ಒಬ್ಬರೋ ಇಬ್ಬರೋ. ಉಳಿದವರಿಗೆ ‘ಔಟ್’ ಎಂಬ ಒಂದು ಶಬ್ದ, ಹಿಂದಿನಿಂದ ಏಳುವ ಜನರ ಗದ್ದಲ, ಇಷ್ಟೇ ಆಧಾರ. ಚಂದ್ರಶೇಖರ್ ಅಂತ ಹೆಸರು ಕೇಳುತ್ತಿತ್ತು, ಪ್ರಸನ್ನ ಅಂತ ಕೇಳುತ್ತಿತ್ತು. ನಮ್ಮ ಕನ್ನಡದ ಹೆಸರುಗಳು ಅಷ್ಟು ದೂರದ ಮೈದಾನದಿಂದ ತೇಲಿ ಬರುವಾಗ ಮೈ ಜುಮ್ಮೆನ್ನುತ್ತಿತ್ತು. ಆ ಹೆಸರಿಗೆ ಒಂದು ಮುಖ, ಒಂದು ಕೈ ಬೇಕು ಅನ್ನಿಸುತ್ತಿತ್ತು. ಅದು ಸಿಗುತ್ತಿದ್ದುದು ಬಸ್ಸಿನಲ್ಲಿ ಬರುವ ಪೇಪರಿನಲ್ಲಿ, ಅದೂ ತಡವಾಗಿ. ಓದುವ ಸರದಿ ಎಲ್ಲ ಮುಗಿದ ಮೇಲೆ ಆ ಪೇಪರು ನಮ್ಮ ಕೈಗೆ. ಕತ್ತರಿ ಸಿಗದಿದ್ದರೆ ಬ್ಲೇಡು. ಚಿತ್ರ ಕತ್ತರಿಸಿಕೊಳ್ಳುವುದು ಎಂದರೆ ಕೇಳಿದ ಆಟಕ್ಕೆ ಕಣ್ಣು ಜೋಡಿಸಿಕೊಂಡ ಹಾಗೆ.

1971ರ ಆಗಸ್ಟ್ ತಿಂಗಳ ಓವಲ್ ಟೆಸ್ಟ್ ಗೊತ್ತಲ್ಲ. ಎರಡನೇ ಇನ್ನಿಂಗ್ಸಿನಲ್ಲಿ ಇಂಗ್ಲೆಂಡ್ 101ಕ್ಕೆ ಎಲ್ಲ ಔಟ್. ಭಾಗವತ್ ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್. ಅಲ್ಲಿ ಮಧ್ಯಾಹ್ನ, ನಮ್ಮಲ್ಲಿ ದೀಪ ಹಚ್ಚುವ ಹೊತ್ತು. ಮರುದಿನ, ಆಗಸ್ಟ್ 24, ಗಣೇಶ ಚೌತಿ. ಲಂಡನ್ನಿನ ಮೈದಾನಕ್ಕೆ ಮೃಗಾಲಯದಿಂದ ಬೆಲ್ಲಾ ಎಂಬ ಆನೆಯನ್ನೇ ಕರೆತಂದಿದ್ದರು. ಭಾರತ 4 ವಿಕೆಟ್ಟುಗಳಿಂದ ಗೆದ್ದಿತು. ಇಂಗ್ಲೆಂಡಿನ ನೆಲದಲ್ಲಿ ನಮ್ಮ ಮೊದಲ ಟೆಸ್ಟ್ ಗೆಲುವು, ಮೊದಲ ಸರಣಿ ಗೆಲುವು ಎರಡೂ ಅದೇ. ಇಂಗ್ಲೆಂಡಿನ ಆ ಎರಡನೇ ಇನ್ನಿಂಗ್ಸಿನಲ್ಲಿ ಜಾನ್ ಎಡ್ರಿಚ್‌ಗೆ ಚಂದ್ರಶೇಖರ್ ಹಾಕಿದ ಒಂದು ವೇಗದ ಚೆಂಡಿನ ಕಥೆ ಬಲ್ಲವರು ಇಂದಿಗೂ ಹೇಳುತ್ತಾರೆ. ಮಿಲ್ ರೀಫ್ ಎಂಬ ರೇಸಿನ ಕುದುರೆ ಆ ವರ್ಷ ಡರ್ಬಿ ಗೆದ್ದಿತ್ತು. ‘ಮಿಲ್ ರೀಫ್ ಹಾಕು’ ಎಂದು ದಿಲೀಪ್ ಸರ್ದೇಸಾಯಿ ಸೂಚಿಸಿದರಂತೆ, ಎಡ್ರಿಚ್ ಬ್ಯಾಟು ಇಳಿಸುವಷ್ಟರಲ್ಲಿ ಸ್ಟಂಪು ಹಾರಿತ್ತು.

ಚಂದ್ರಶೇಖರ್ ಅವರ ಒಂದು ಪೇಪರ್ ಚಿತ್ರ ನನ್ನಲ್ಲಿದೆ. ಅಂಗೈಯಗಲದ ಕಾಗದ, ಹಳದಿಗಟ್ಟಿದೆ. ಭೂತಗನ್ನಡಿ ಹಿಡಿದು ನೋಡಿದರೆ ಇಡೀ ಚಿತ್ರ ಕಪ್ಪು ಚುಕ್ಕೆಗಳ ಗುಂಪು. ತುಸು ದೂರ ಹಿಡಿದರೆ ಮೂಡಿ ಬರುತ್ತಾರೆ: ಎಡಗೈ ಮೇಲಕ್ಕೆ ಚಾಚಿದೆ, ಆ ತೋಳಿನ ಹಿಂದಿನಿಂದ ಕಣ್ಣುಗಳು ಬ್ಯಾಟ್ಸ್‌ಮನ್ ಕಡೆ ನೆಟ್ಟಿವೆ. ಬಲ ತೋಳಿನ ಅಂಗಿ ಮಣಿಕಟ್ಟಿನ ತನಕ ಗುಂಡಿ ಹಾಕಿಕೊಂಡಿದೆ. ಅವರು ಯಾವಾಗಲೂ ಹಾಗೆಯೇ. ಚಿಕ್ಕಂದಿನಲ್ಲಿ ಪೋಲಿಯೊ ಬಡಿದು ಬಲಗೈ ಸೊರಗಿತ್ತು. ಚೆಂಡು ಹಿಡಿದು ಬೌಂಡರಿಯಿಂದ ವಾಪಸು ಎಸೆಯುವಾಗ ಎಡಗೈ ಬಳಸುತ್ತಿದ್ದರು, ಬೌಲಿಂಗ್ ಮಾತ್ರ ಆ ಸೊರಗಿದ ಬಲಗೈಯಿಂದಲೇ. ಚಿತ್ರದಲ್ಲಿ ಮುಖ ಸ್ಪಷ್ಟವಾಗಿದೆ, ಕಾಲು ಸ್ಪಷ್ಟವಾಗಿದೆ, ಬಲ ಮಣಿಕಟ್ಟು ಮಾತ್ರ ಮಸಕು. ಮುದ್ರಣ ಕೆಟ್ಟಿದೆ ಎಂದುಕೊಂಡರೆ ತಪ್ಪು. ಕ್ಯಾಮೆರಾದ ರೆಪ್ಪೆ ತೆರೆದು ಮುಚ್ಚುವ ಗಳಿಗೆಯಲ್ಲಿ ಮೈಯೆಲ್ಲ ನಿಂತಿದ್ದರೂ ಆ ಮಣಿಕಟ್ಟು ಸರಿದುಬಿಟ್ಟಿದೆ. ಗೂಗ್ಲಿಯನ್ನು ಅಷ್ಟು ವೇಗದಲ್ಲಿ ಹಾಕುತ್ತಿದ್ದುದು ಹೇಗೆ ಎಂದು ಕೇಳುವವರಿಗೆ ನಾನು ಆ ಮಸಕನ್ನು ತೋರಿಸುತ್ತೇನೆ.

ಮೈಸೂರಿನಲ್ಲಿ 1945ರಲ್ಲಿ ಹುಟ್ಟಿದ ಅವರು 58 ಟೆಸ್ಟುಗಳಲ್ಲಿ 242 ವಿಕೆಟ್ ತೆಗೆದರು, ಬ್ಯಾಟಿನಿಂದ ಗಳಿಸಿದ ರನ್ನು 167. ವಿಕೆಟ್ಟಿಗಿಂತ ರನ್ನು ಕಡಿಮೆ! ಮೆಲ್ಬರ್ನಿನಲ್ಲಿ 1977ರ ಕೊನೆಗೆ ಶುರುವಾದ ಟೆಸ್ಟಿನಲ್ಲಿ ಮೊದಲ ಇನ್ನಿಂಗ್ಸಿಗೆ 52 ರನ್ ಕೊಟ್ಟು 6, ಎರಡನೆಯದರಲ್ಲೂ 52 ಕೊಟ್ಟು 6. ಆಸ್ಟ್ರೇಲಿಯಾ ನೆಲದಲ್ಲಿ ಭಾರತ ಗೆದ್ದ ಮೊದಲ ಟೆಸ್ಟ್ ಅದು. ಓವಲ್ಲಿನ ಆಟ ಸಂಜೆಗೆ ಕೇಳಿದರೆ ಮೆಲ್ಬರ್ನಿನದನ್ನು ನಸುಕಿನಲ್ಲಿ, ಚಳಿಯಲ್ಲಿ, ಕೌದಿ ಹೊದ್ದು ಕೇಳಬೇಕಿತ್ತು.

ಚಂದ್ರಶೇಖರ್ ಚಿತ್ರಕ್ಕಾಗಿ ರದ್ದಿ ಅಂಗಡಿಗಳನ್ನು ಸುತ್ತುತ್ತಿದ್ದ ಕಾಲದಲ್ಲಿ ಅಂಗಡಿಯವರು ಒಮ್ಮೆ ಕೇಳಿದರು: ‘ಏನೋ ತಮ್ಮಾ, ಬ್ಯಾರೆ ಹುಡುಗ್ರು ಗಾವಸ್ಕರ್ ಕೊಡ್ರಿ, ವಿಶ್ವನಾಥ್ ಕೊಡ್ರಿ ಅಂತಾರ. ನೀ ಈ ಬಡಕಲ ಮನಷ್ಯಾನ್ನ ಹುಡುಕ್ಕೋತ ಬರ್ತೀಯಲ್ಲ?’ ನಾನು, ‘ಕಾಕಾ, ಇಂಗ್ಲಿಷರನ್ನ ಅವರ ಊರಾಗ ಕೆಡವಿದವ್ರು ಇವರ ನೋಡ್ರಿ’ ಅಂದೆ. ‘ಹಂಗಾರ ತೊಗೊ’ ಎಂದು ರೊಕ್ಕ ಇಸಕೊಳ್ಳದೆ ಕೊಟ್ಟರು. ಆ ಮೇಲೆ ಅವರೇ ಬೌಲರುಗಳ ಚಿತ್ರ ಕಂಡರೆ ತೆಗೆದಿಡುತ್ತಿದ್ದರು.

ಎರಪಳ್ಳಿ ಪ್ರಸನ್ನ ಅವರ ಚಿತ್ರ ಓದುವುದು ಇನ್ನೂ ಕಷ್ಟ. ಅವರ ಕಲೆ ಚೆಂಡು ಕೈಬಿಟ್ಟ ಮೇಲೆ ಗಾಳಿಯಲ್ಲಿ ನಡೆಯುವಂಥದ್ದು. ಗಿಡ್ಡ ಆಳು, ದುಂಡು ಮೈ, ನಾಲ್ಕು ಹೆಜ್ಜೆಯ ಓಟ. ಚೆಂಡನ್ನು ಬ್ಯಾಟ್ಸ್‌ಮನ್ ಕಣ್ಣಿನ ಮಟ್ಟಕ್ಕಿಂತ ಮೇಲೆ ತೂಗಿ, ಇಲ್ಲಿ ಬಿತ್ತು ಅಂದುಕೊಂಡವನಿಗೆ ಒಂದು ಗೇಣು ಮುಂಚೆಯೇ ಬೀಳಿಸುವುದು. ಅದು ಯಾವ ಚಿತ್ರಕ್ಕೂ ಸಿಗುವುದಿಲ್ಲ. ಆದರೆ ಅವರ ಚಿತ್ರದಲ್ಲಿ ಎದುರಿನ ಬ್ಯಾಟ್ಸ್‌ಮನ್ ಕಾಲು ನೋಡಿ. ಮುಂದಿಟ್ಟ ಕಾಲು ಅರ್ಧಕ್ಕೆ ನಿಂತಿರುತ್ತದೆ, ಹಿಂದಿನ ಹಿಮ್ಮಡಿ ಎದ್ದಿರುತ್ತದೆ. ಬೌಲಿಂಗ್ ಎಷ್ಟು ಚೆನ್ನಾಗಿತ್ತು ಎಂಬುದಕ್ಕೆ ಆ ಕಾಲೇ ಸಾಕ್ಷಿ. 1962ರಲ್ಲಿ ಟೆಸ್ಟಿಗೆ ಕಾಲಿಟ್ಟ ಅವರು ಎಂಜಿನಿಯರಿಂಗ್ ಓದು ಮುಗಿಸಲೆಂದು ಐದು ವರ್ಷ ದೂರವಿದ್ದು ಮರಳಿದವರು. 49 ಟೆಸ್ಟ್, 189 ವಿಕೆಟ್.

1973ರ ನವೆಂಬರ್ 1ರಂದು ನಮ್ಮ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು. ಅದೇ ಋತುವಿನ ರಣಜಿಯಲ್ಲಿ, ಪ್ರಸನ್ನ ಅವರ ನಾಯಕತ್ವದಲ್ಲಿ, ಸೆಮಿಫೈನಲ್ಲಿನಲ್ಲಿ ಮುಂಬಯಿಯನ್ನು ಹಿಂದೆ ಹಾಕಿ, ಆಮೇಲೆ ರಾಜಸ್ಥಾನವನ್ನು ಸೋಲಿಸಿ ಕಪ್ ತಂದೆವು. ಸತತ 15 ವರ್ಷ ಕಪ್ಪನ್ನು ಯಾರಿಗೂ ಬಿಟ್ಟುಕೊಡದಿದ್ದ ಮುಂಬಯಿ ಅದು. ಆ ಪಂದ್ಯದಲ್ಲಿ ಪ್ರಸನ್ನ ಗಾವಸ್ಕರರನ್ನು ಬೌಲ್ಡ್ ಮಾಡಿದ ಚೆಂಡನ್ನು ಬೆಂಗಳೂರಿನಲ್ಲಿ ಕಣ್ಣಾರೆ ಕಂಡವರು ಈಗಲೂ ಕೈಯಲ್ಲಿ ತಿರುವಿ ತೋರಿಸುತ್ತಾರೆ. ಹೊಸ ಹೆಸರಿನ ನಾಡಿಗೆ ಸಿಕ್ಕ ಮೊದಲ ಕಪ್ಪು ಎಂಬ ಕಾರಣಕ್ಕೆ ಆ ತಂಡದ ಚಿತ್ರವನ್ನು ನಾನು ಬೇರೆಯೇ ಲಕೋಟೆಯಲ್ಲಿ ಇಟ್ಟಿದ್ದೇನೆ.

ಪೇಪರ್ ಚಿತ್ರದ ಕಾಲ ದಾಟಿ ಕಾರ್ಡಿನ ಕಾಲ ಬಂದದ್ದು ಎಂಬತ್ತರ ದಶಕದಲ್ಲಿ. ‘ಬಿಗ್ ಫನ್’ ಎಂಬ ಬಬಲ್ ಗಮ್ಮಿನ ಜೊತೆ ಆಟಗಾರರ ಪುಟ್ಟ ಚಿತ್ರ ಬರುತ್ತಿತ್ತು, ಅದರ ಮೇಲೆ ಇಷ್ಟು ರನ್ನು, ಇಷ್ಟು ವಿಕೆಟ್ಟು ಎಂದು ಬರೆದಿರುತ್ತಿತ್ತು. ಕೂಡಿಸಿ ಕೊಟ್ಟರೆ ಬಹುಮಾನ: ಹೆಬ್ಬೆರಳಿನಿಂದ ಹಾಳೆ ಸರಸರ ಬಿಟ್ಟರೆ ಆಟಗಾರ ಆಡಿದ ಹಾಗೆ ಕಾಣುವ ಪುಟ್ಟ ಪುಸ್ತಕ. ನಮ್ಮ ಅಣ್ಣನ ಮಕ್ಕಳು ಅಗಿದ ಗಮ್ಮಿಗೆ ಲೆಕ್ಕವಿಲ್ಲ. ಬಹುಮಾನಕ್ಕೆಂದು ಚಿತ್ರಗಳನ್ನು ತಿರುಗಿ ಕೊಟ್ಟದ್ದರಿಂದಲೇ ಅವು ಇಂದು ಸಿಗುವುದು ಅಪರೂಪ. ಯಾರದೋ ಮನೆಯ ಕಂಪಾಸು ಪೆಟ್ಟಿಗೆಯಲ್ಲಿ ಉಳಿದುಕೊಂಡ ಒಂದೆರಡು ಸಿಕ್ಕರೆ ಪುಣ್ಯ.

ಈ ಕಾರ್ಡಿನ ಹುಚ್ಚು ದೊಡ್ಡದಾಗಿ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿ ಬೇಸ್‌ಬಾಲ್. ಚೆಂಡು ಎಸೆಯುವವರನ್ನು ಪಿಚರ್ ಅನ್ನುತ್ತಾರೆ. ನೆಲಕ್ಕೆ ಪುಟಿಸುವ ಹಾಗಿಲ್ಲ, 60 ಅಡಿ 6 ಇಂಚು ದೂರದಿಂದ ನೇರ ಎಸೆಯಬೇಕು, ಗಾಳಿಯಲ್ಲೇ ಬಾಗಿಸಬೇಕು. 1909ರಿಂದ 1911ರ ತನಕ ಅಲ್ಲಿನ ತಂಬಾಕು ಕಂಪನಿ ಸಿಗರೇಟು ಪೊಟ್ಟಣದಲ್ಲಿ ಒಂದೂವರೆ ಇಂಚು ಅಗಲದ ಬಣ್ಣದ ಕಾರ್ಡುಗಳನ್ನು ಹಾಕುತ್ತಿತ್ತು. ಅದರಲ್ಲಿನ ಹೋನಸ್ ವ್ಯಾಗ್ನರ್ ಎಂಬ ಆಟಗಾರನ ಕಾರ್ಡು ಬಲು ವಿರಳ, 2022ರಲ್ಲಿ 70 ಲಕ್ಷ ಡಾಲರಿಗೂ ಮೀರಿ ಮಾರಾಟವಾಯಿತು. ಟಾಪ್ಸ್ ಕಂಪನಿ 1952ರಲ್ಲಿ ಅಚ್ಚು ಹಾಕಿದ ಮಿಕಿ ಮ್ಯಾಂಟಲ್ ಕಾರ್ಡು 2022ರಲ್ಲೇ 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು. ಆ ಮಾಲಿನಲ್ಲಿ ಮಾರಾಟವಾಗದೆ ಉಳಿದದ್ದನ್ನು ಗೋದಾಮು ಖಾಲಿ ಮಾಡಲೆಂದು 1960ರಲ್ಲಿ ಸಮುದ್ರಕ್ಕೆ ಸುರಿದಿದ್ದರು! ನಮ್ಮ ಕಿರಾಣಿ ಅಂಗಡಿಗಳಿಗೆ ಐಪಿಎಲ್ ಕಾಲದಲ್ಲಿ ಬಂದ ‘ಕ್ರಿಕೆಟ್ ಅಟ್ಯಾಕ್ಸ್’ ಕಾರ್ಡುಗಳೂ ಇದೇ ಟಾಪ್ಸ್ ಕಂಪನಿಯವು. ಇಲ್ಲಿ ಒಂದು ಮಾತು ಗಮನಿಸಬೇಕು. ವ್ಯಾಗ್ನರ್ ಆಗಲಿ ಮ್ಯಾಂಟಲ್ ಆಗಲಿ ಪಿಚರ್ ಅಲ್ಲ, ಇಬ್ಬರೂ ಹೊಡೆತಕ್ಕೆ ಹೆಸರಾದವರು. ದೊಡ್ಡ ಬೆಲೆ ಅಲ್ಲಿಯೂ ಬ್ಯಾಟು ಬೀಸಿದವರಿಗೇ.

ನನ್ನ ಮನಸ್ಸು ಹಿಡಿದಿಟ್ಟದ್ದು ಅದೇ ಸಿಗರೇಟು ಕಾರ್ಡುಗಳಲ್ಲಿನ ಒಬ್ಬ ಪಿಚರ್. ಮೊರ್ಡಕೈ ಬ್ರೌನ್. ಹುಟ್ಟಿದ್ದು 1876ರಲ್ಲಿ, ಇಂಡಿಯಾನಾ ರಾಜ್ಯದ ಒಕ್ಕಲುತನದ ಊರಿನಲ್ಲಿ. ದನಕ್ಕೆ ಮೇವು ಕತ್ತರಿಸುವ ಯಂತ್ರಕ್ಕೆ ಚಿಕ್ಕಂದಿನಲ್ಲೇ ಬಲಗೈ ಸಿಕ್ಕಿ ತೋರುಬೆರಳು ಹೋಯಿತು. ಆಮೇಲೆ ಬಿದ್ದ ಪೆಟ್ಟಿಗೆ ಉಳಿದ ಬೆರಳುಗಳೂ ಸೊಟ್ಟಗಾದವು. ನಮ್ಮ ಸೀಮೆಯಲ್ಲಿ ಕಣಿಕಿ ಕತ್ತರಿಸುವ ಯಂತ್ರ ಏನು ಮಾಡಬಲ್ಲದು ಎಂಬುದು ಒಕ್ಕಲು ಮನೆಯವರಿಗೆ ಹೇಳಿಕೊಡಬೇಕಾಗಿಲ್ಲ. ಆ ಸೊಟ್ಟ ಬೆರಳುಗಳ ನಡುವಿನಿಂದ ಹೊರಟ ಚೆಂಡು ಬೇರೆ ಯಾರ ಕೈಯಿಂದಲೂ ಬಾಗದ ಹಾಗೆ ಬಾಗಿತು, ಕೊನೆಯ ಗಳಿಗೆಗೆ ಕೆಳಗೆ ಜಾರಿತು. ಚಿಕಾಗೊ ಕಬ್ಸ್ ತಂಡ 1907, 1908ರಲ್ಲಿ ಸತತವಾಗಿ ವರ್ಲ್ಡ್ ಸೀರೀಸ್ ಗೆದ್ದಾಗ ಅವರು ಅದರ ಮುಖ್ಯ ಬಲ. ತಮ್ಮ ಬಾಳಿನಲ್ಲಿ ಗೆದ್ದ ಪಂದ್ಯ 239. ಚಿಕಾಗೊದಲ್ಲಿ ಕೆಲಸಕ್ಕಿರುವ ನಮ್ಮ ಸಂಬಂಧಿಕರ ಹುಡುಗ ಅವರ ಕಾರ್ಡಿನ ಮರುಮುದ್ರಣ ಕಳಿಸಿಕೊಟ್ಟ. ಬರೇ ಮುಖ, ಭುಜದ ತನಕ. ಕೈ ಇಲ್ಲ! ಯಾವುದನ್ನು ನೋಡಬೇಕೋ ಅದನ್ನೇ ಬಿಟ್ಟು ಬರೆದಿದ್ದಾರೆ. ಆ ಕಾರ್ಡನ್ನು ನಾನು ಚಂದ್ರಶೇಖರ್ ಚಿತ್ರದ ಪಕ್ಕದಲ್ಲಿಟ್ಟಿದ್ದೇನೆ. ಒಬ್ಬರಿಗೆ ಪೋಲಿಯೊ, ಒಬ್ಬರಿಗೆ ಯಂತ್ರ. ಊನವಾದ ಕೈಯನ್ನೇ ದಂಡಿಸಿ ಇಬ್ಬರೂ ಯಾರಿಗೂ ಅಂದಾಜಿಗೆ ಸಿಗದ ಚೆಂಡು ಕಂಡುಕೊಂಡರು.

ಸಿಗರೇಟು ಕಾರ್ಡುಗಳು ಇಂಗ್ಲೆಂಡಿನಲ್ಲೂ ಇದ್ದವು, ಅವುಗಳಲ್ಲಿ ನಮ್ಮ ದೇಶದ ರಣಜಿತ್ ಸಿಂಹಜಿಯವರ ಚಿತ್ರ ಬಂದಿತ್ತು. ಅವರು ರಾಜಮನೆತನದವರು, ಬ್ಯಾಟ್ಸ್‌ಮನ್. ಅದೇ ಕಾಲಕ್ಕೆ ಸೇರಿದ ಒಬ್ಬ ಬೌಲರ್ ನಮ್ಮ ಧಾರವಾಡದಲ್ಲಿ ಹುಟ್ಟಿದ್ದರು, ಪಾಲವಣಕರ ಬಾಳೂ. ದಲಿತ ಕುಟುಂಬದವರು, ಎಡಗೈ ಸ್ಪಿನ್ನರ್. ಪುಣೆಯ ಕ್ಲಬ್ಬಿನಲ್ಲಿ ಮೈದಾನ ನೋಡಿಕೊಳ್ಳುವ ಕೆಲಸದಲ್ಲಿದ್ದುಕೊಂಡು ಬ್ರಿಟಿಷ್ ಅಧಿಕಾರಿಗಳಿಗೆ ನೆಟ್ಸಿನಲ್ಲಿ ಚೆಂಡು ಹಾಕಿ ಹಾಕಿ ಕೈ ಪಳಗಿಸಿಕೊಂಡರು. ಮೈದಾನದಲ್ಲಿ ಅವರ ಕೈಯ ಚೆಂಡು ಎಲ್ಲರಿಗೂ ಬೇಕಾಗಿತ್ತು, ಚಹಾದ ಹೊತ್ತಿಗೆ ಮಾತ್ರ ಅವರಿಗೆ ಹೊರಗೆ, ಬೇರೆ ಮಣ್ಣಿನ ಕುಡಿಕೆಯಲ್ಲಿ. 1911ರಲ್ಲಿ ಪಟಿಯಾಲಾ ಮಹಾರಾಜರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋದ ತಂಡದಲ್ಲಿ ಅವರಿದ್ದರು, ಆ ಪ್ರವಾಸದಲ್ಲಿ 114 ವಿಕೆಟ್ ತೆಗೆದರು. ರಾಮಚಂದ್ರ ಗುಹಾ ಅವರು ಭಾರತೀಯ ಕ್ರಿಕೆಟ್ಟಿನ ಚರಿತ್ರೆಯಲ್ಲಿ ಬಾಳೂ ಅವರಿಗೆ ಸಲ್ಲಬೇಕಾದ ಜಾಗ ಕೊಟ್ಟು ಬರೆದ ಮೇಲೆ ಹೆಸರು ತಿರುಗಿ ಕೇಳಿಬಂತು. ಆದರೂ ಧಾರವಾಡದ ಎಷ್ಟು ಮನೆಗಳಲ್ಲಿ ಅವರ ಚಿತ್ರ ಇದ್ದೀತು? ಆ 1911ರ ತಂಡದ ಚಿತ್ರದ ಒಂದು ನಕಲಾದರೂ ನಮ್ಮ ಶಾಲೆಗಳ ಗೋಡೆಯ ಮೇಲೆ ಇರಬೇಕೆಂದು ನನ್ನ ಆಸೆ.

ಮುಂದಿನವರ ಮಾತಿಗೆ ಬಂದರೆ, ಅನಿಲ್ ಕುಂಬ್ಳೆಯವರ ಚಿತ್ರಕ್ಕೆ ಕೊರತೆಯಿಲ್ಲ. ಕನ್ನಡಕ ಹಾಕಿಕೊಂಡು ಚೆಂಡು ಹಾಕುವ ಚಿತ್ರ ಸಿಕ್ಕರೆ ಅದು ಅವರ ಮೊದಮೊದಲ ದಿನಗಳದು, ಬಿಡಬೇಡಿ. 1999ರ ಫೆಬ್ರುವರಿ 7ರಂದು ದಿಲ್ಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ಟು 74 ರನ್ನಿಗೆ ತೆಗೆದ ದಿನದ ಚಿತ್ರಗಳು ಎಲ್ಲ ಪೇಪರುಗಳಲ್ಲೂ ಬಂದವು. ಅವುಗಳಲ್ಲಿ ಕಾಣದವರು ಒಬ್ಬರಿದ್ದಾರೆ. ಒಂಬತ್ತು ವಿಕೆಟ್ ಬಿದ್ದ ಮೇಲೆ ಎದುರು ತುದಿಯಿಂದ ಜಾವಗಲ್ ಶ್ರೀನಾಥ್ ಬೇಕೆಂದೇ ಸ್ಟಂಪಿನಿಂದ ದೂರ ದೂರ ಚೆಂಡು ಹಾಕಿದರು, ಹತ್ತನೆಯದು ಗೆಳೆಯನಿಗೇ ಸಿಗಲಿ ಎಂದು. ವಿಕೆಟ್ ತೆಗೆಯುವುದೇ ಜೀವವಾದ ಬೌಲರನೊಬ್ಬ ವಿಕೆಟ್ ಬೀಳದಿರಲಿ ಎಂದು ಹಾಕಿದ ಆ ಓವರಿನ ಚಿತ್ರ ನನಗೆ ಎಲ್ಲಿಯೂ ಸಿಕ್ಕಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನೈರೋಬಿಯಲ್ಲಿ ಗದಗಿನ ಸುನೀಲ್ ಜೋಶಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರಿನಲ್ಲಿ 6 ಮೇಡನ್, 6 ರನ್, 5 ವಿಕೆಟ್. ಗದಗು ನಮ್ಮದೇ ರೈಲು ಮಾರ್ಗದ ಊರು. ಅಲ್ಲಿಂದ ನಸುಕಿನಲ್ಲೆದ್ದು ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ ಶಾಲೆಯ ಹೊತ್ತಿಗೆ ಮರಳುತ್ತಿದ್ದ ಹುಡುಗ ಅವರು.

ಇನ್ನು ನಮ್ಮ ಜಿಲ್ಲೆಯ ಮಗಳು. ವಿಜಯಪುರದ ರಾಜೇಶ್ವರಿ ಗಾಯಕವಾಡ, ಎಡಗೈ ಸ್ಪಿನ್ನರ್. 2017ರ ಜುಲೈ 15, ಇಂಗ್ಲೆಂಡಿನ ಡರ್ಬಿ, ಮಹಿಳಾ ವಿಶ್ವಕಪ್. ಸೆಮಿಫೈನಲ್ಲಿಗೆ ಹೋಗಬೇಕಾದರೆ ನ್ಯೂಜಿಲೆಂಡನ್ನು ಸೋಲಿಸಲೇಬೇಕಿತ್ತು. ಆ ವಿಶ್ವಕಪ್ಪಿನಲ್ಲಿ ಅದುವರೆಗೆ ಅವರನ್ನು ಆಡಿಸಿರಲೇ ಇಲ್ಲ. ಆಡಿಸಿದ ದಿನ 15 ರನ್ನಿಗೆ 5 ವಿಕೆಟ್. ನ್ಯೂಜಿಲೆಂಡ್ 79ಕ್ಕೆ ಮುಗಿಯಿತು, ಭಾರತ 186 ರನ್ನುಗಳಿಂದ ಗೆದ್ದಿತು. ಮರುದಿನದ ಪೇಪರಿನಲ್ಲಿ ಬಂದ ಅವರ ಚಿತ್ರವನ್ನು ನಾನು ಕತ್ತರಿಸುವಾಗ ಪಕ್ಕದ ಮನೆಯ ಹುಡುಗಿ ನೋಡುತ್ತ ನಿಂತಿದ್ದಳು. ‘ಇವ್ರು ನಮ್ಮ ವಿಜಾಪುರದವ್ರಾ, ಅಜ್ಜಾ?’ ಎಂದು ಕೇಳಿ, ಎಡಗೈಯನ್ನು ಚಿತ್ರದಲ್ಲಿದ್ದ ಹಾಗೇ ಮೇಲಕ್ಕೆತ್ತಿ ನೋಡಿದಳು. ಚೆಂಡು ಎಲ್ಲಿ ಹಿಡಿದಿದ್ದಾರೆ, ತೋರುಬೆರಳು ಹೊಲಿಗೆಯ ಮೇಲೆ ಹೇಗೆ ಕೂತಿದೆ ಎಂದು ನಾನು ತೋರಿಸಿಕೊಟ್ಟೆ. ಆ ಹುಡುಗಿ ಈಗಲೂ ಹಾಗೇ ಹಿಡಿಯುತ್ತಾಳೆ. ಅಂಗಡಿಯಲ್ಲಿ ಮಾರುವ ಕಾರ್ಡುಗಳ ಕಟ್ಟಿನಲ್ಲಿ ರಾಜೇಶ್ವರಿಯವರ ಚಿತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. ಬೀಳಬೇಕು.

ಕೂಡಿಡುವ ಮನಸ್ಸಿದ್ದವರಿಗೆ ಅನುಭವದ ಎರಡು ಮಾತು. ಪೇಪರಿನ ಕಾಗದ ಬಿಸಿಲಿಗೆ ಬೇಗ ಹಳದಿಗಟ್ಟಿ ಮುರಿಯುತ್ತದೆ, ನಮ್ಮ ಬ್ಯಾಸಿಗಿಯಂತೂ ಕೇಳಬೇಡಿ. ಗೋಡೆಗೆ ಅಂಟಿಸಬೇಡಿ. ಗಂಜಿಯಿಂದ ವಹಿಗೆ ಹಚ್ಚಿದರೆ ಅದರ ವಾಸನೆಗೇ ಹುಳು ಬರುತ್ತದೆ. ಲ್ಯಾಮಿನೇಷನ್ ಮಾಡಿಸಿದರೆ ಗಟ್ಟಿಯಾಗುತ್ತದೆ ಅನ್ನುವವರಿದ್ದಾರೆ. ಆ ಬಿಸಿಗೆ ಪ್ಲಾಸ್ಟಿಕ್ಕು ಕಾಗದಕ್ಕೆ ಬೆರೆತುಬಿಡುತ್ತದೆ, ಮುಂದೆ ಬಿಡಿಸಲು ಬರುವುದಿಲ್ಲ. ಬಟರ್ ಪೇಪರಿನ ನಡುವೆ ಒಂದೊಂದನ್ನೇ ಬಿಡಿಯಾಗಿಟ್ಟು, ಮೇಲೆ ಕೆಳಗೆ ರಟ್ಟು ಕೊಟ್ಟು, ಟ್ರಂಕಿನಲ್ಲಿ ಒಣಗಿದ ಬೇವಿನ ಎಲೆ ಹಾಕಿಡಿ. ಮಳೆಗಾಲ ಮುಗಿದ ಮೇಲೆ ನೆರಳಲ್ಲಿ ಹರವಿ ಗಾಳಿ ಆಡಿಸಿ. ಎಲ್ಲಕ್ಕಿಂತ ಮುಖ್ಯ, ಚಿತ್ರ ಯಾವ ಪೇಪರಿನದು, ಯಾವ ತಾರೀಖಿನದು, ಯಾವ ಪಂದ್ಯ ಎಂದು ಒಂದು ಚೀಟಿಯಲ್ಲಿ ಪೆನ್ಸಿಲ್ಲಿನಿಂದ ಬರೆದು ಜೊತೆಗಿಡಿ. ತಾರೀಖಿಲ್ಲದ ಚಿತ್ರದ ಬೌಲರ್ ಯಾರಿಗೆ ಚೆಂಡು ಹಾಕುತ್ತಿದ್ದಾನೆ ಎಂಬುದು ಹತ್ತು ವರ್ಷ ಕಳೆದರೆ ಇಟ್ಟವರಿಗೇ ತಿಳಿಯುವುದಿಲ್ಲ.

ಕೊನೆಗೊಂದು ವಿನಂತಿ. 1978ರ ಜನವರಿ ಮೊದಲ ವಾರದ ಕನ್ನಡ ಪೇಪರು, ಮೆಲ್ಬರ್ನಿನ ಗೆಲುವಿನ ಸುದ್ದಿ ಇರುವಂಥದ್ದು, ನಿಮ್ಮ ಅಟ್ಟದ ಮೇಲೋ ಹಳೆಯ ಟ್ರಂಕಿನ ತಳಕ್ಕೆ ಹಾಸಿದ್ದೋ ಇದ್ದರೆ ರದ್ದಿಗೆ ಹಾಕಬೇಡಿ. ನನ್ನಲ್ಲಿ ಚಂದ್ರಶೇಖರ್ ಅವರ ಓವಲ್ ಕಾಲದ ಚಿತ್ರಗಳಿವೆ, ಮೆಲ್ಬರ್ನಿನದು ಇಂದಿಗೂ ಇಲ್ಲ. ನನಗೆ ಕೊಡದಿದ್ದರೂ ಪರವಾಗಿಲ್ಲ. ನೀವೇ ಜೋಪಾನವಾಗಿ ತೆಗೆದಿಟ್ಟು, ಮನೆಯ ಹುಡುಗರನ್ನು ಕರೆದು ತೋರಿಸಿ.